ಫ್ಯೂಯಲ್ ಪಂಪ್ ಎರಡು ಸಲ ಹೋಯ್ತು. ತಪ್ಪು ಪೆಟ್ರೋಲಿನದೋ, ಪಂಪಿನದೋ?

ಪ್ರಶ್ನೆ: ನನ್ನದು 2021ರ ಬಿಎಸ್‌6 ಬೈಕ್. ಮೂವತ್ತು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಫ್ಯೂಯಲ್ ಪಂಪ್ ಎರಡು ಸಲ ಬದಲಾಯಿಸಿದ್ದಾಯಿತು. ಇದೇ ಮಾಡೆಲ್ ಇರುವ ಏಳೆಂಟು ಪರಿಚಯಸ್ಥರದ್ದೂ ಇದೇ ಗೋಳು. ಸರ್ವಿಸ್ ಸೆಂಟರ್‌ನವರು ‘ಪೆಟ್ರೋಲ್ ಸರಿಯಿಲ್ಲ ಸಾರ್’ ಎಂದು ಕೈತೊಳೆದುಕೊಳ್ಳುತ್ತಾರೆ. ಎಲ್ಲರದ್ದೂ ಸೇರಿಸಿ ಪಟ್ಟಿ ಮಾಡುತ್ತಿದ್ದೇವೆ. ಪ್ರಯೋಜನ ಇದೆಯೇ?
– ಓದುಗರು, ಹಾಸನ

ಉತ್ತರ: ಇದೆ. ಆದರೆ ‘ಪಂಪ್ ಹೋಯ್ತು’ ಎಂದಷ್ಟೇ ಬರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪಂಪ್ ಬದಲಾಯಿಸಿದರು ಎಂದಮಾತ್ರಕ್ಕೆ ಕೆಟ್ಟಿದ್ದು ಪಂಪೇ ಎಂದೇನಿಲ್ಲ. ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿಂದ ಒಂದೆರಡು ಸೆಕೆಂಡ್ ‘ಗುಂಯ್’ ಎನ್ನಬೇಕು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಹಾಯಿಸುವ ಸ್ವಿಚ್), ಕಪ್ಲರ್ (ವೈರ್ ಜೋಡಿಸುವ ಪ್ಲಗ್) ನೋಡಿಸಿ. ಕಪ್ಲರ್ ಪಿನ್ ಹಸಿರುಗಟ್ಟಿದ್ದರೆ ಪಂಪಿಗೆ ಕರೆಂಟ್ ಸರಿಯಾಗಿ ಹೋಗದು. ಸದ್ದು ಬಂದೂ ಏರಿನಲ್ಲಿ ಗಾಡಿ ಎಳೆಯದಿದ್ದರೆ ಸ್ಟ್ರೈನರ್ ಜಾಲರಿ ಕಟ್ಟಿರಬಹುದು. ಗೇಜ್ ಹಾಕಿ ಪ್ರೆಶರ್ ನೋಡಿದರೆ ಅನುಮಾನ ಅರ್ಧ ಕಳೆಯುತ್ತದೆ. ಅನೇಕ ಬೈಕ್‌ಗಳಲ್ಲಿ ಅದು ಸುಮಾರು 3 ಬಾರ್. ಜಾಲರಿ ಶುಚಿಯಾಗಿದೆ, ವೋಲ್ಟೇಜ್ ಸರಿಯಿದೆ, ಆದರೂ ಪ್ರೆಶರ್ ಏರುತ್ತಿಲ್ಲ ಎಂದರೆ ಆಗ ಪಂಪನ್ನು ದೂರಬಹುದು. ಈ ಅಳತೆಗಳನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಗೊಣಗಿದರೂ ಬರೆಯುತ್ತಾರೆ.

ಪೆಟ್ರೋಲಿನ ಮಾತು ಪೂರ್ತಿ ನೆಪವಲ್ಲ. ಪೆಟ್ರೋಲಿಗೆ ಬೆರೆಸುವ ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪ್ ಎಳೆದುಕೊಳ್ಳುವುದೂ ತಳದಿಂದಲೇ. ಸದಾ ರಿಸರ್ವ್‌ನಲ್ಲೇ ಓಡಿಸುವವರದ್ದು ಇನ್ನೊಂದು ಕಥೆ: ಪಂಪ್ ತಂಪಾಗುವುದೇ ಪೆಟ್ರೋಲಿನಿಂದ, ಅದು ಕಡಿಮೆಯಾದರೆ ಪಂಪ್ ಕಾಯುತ್ತದೆ. ಆದ್ದರಿಂದ ಯಾವ ಬಂಕ್, ಟ್ಯಾಂಕ್ ಎಷ್ಟು ತುಂಬಿಸುತ್ತಾರೆ, ಗಾಡಿ ವಾರಗಟ್ಟಲೆ ನಿಂತಿತ್ತೇ ಎಂಬುದೂ ಪಟ್ಟಿಯಲ್ಲಿರಲಿ. ಅದೇ ಬಂಕಿನಲ್ಲಿ ಹಾಕಿಸುವ ಬೇರೆ ಮಾಡೆಲ್‌ಗಳಿಗೆ ಏನೂ ಆಗದೆ ನಿಮ್ಮದಕ್ಕೆ ಮಾತ್ರ ಆಗುತ್ತಿದ್ದರೆ ಪೆಟ್ರೋಲಿನ ವಾದ ನಿಲ್ಲುವುದು ಕಷ್ಟ.

ಪಂಪಿನ ಮೈಮೇಲಿನ ಬ್ಯಾಚ್ ಕೋಡ್ (ಯಾವ ತಂಡದಲ್ಲಿ ತಯಾರಾಯಿತೆಂದು ತಿಳಿಸುವ ಗುರುತು) ಬಹಳ ಮುಖ್ಯ. ಜಪಾನಿನ ಬಿಡಿಭಾಗ ಕಂಪನಿ ಡೆನ್ಸೊ ತಯಾರಿಸಿದ ಪಂಪ್‌ಗಳ ದೋಷಕ್ಕಾಗಿ 2020ರಲ್ಲಿ ಟೊಯೋಟಾ, ಹೋಂಡಾ ಕಾರುಗಳನ್ನು ವಾಪಸ್ ಕರೆಸಿದ್ದು ನೆನಪಿರಬಹುದು. ಒಳಗೆ ತಿರುಗುವ ಪ್ಲಾಸ್ಟಿಕ್ ಚಕ್ರ ಇಂಧನ ಹೀರಿ ಊದಿಕೊಂಡು ಕವಚಕ್ಕೆ ಉಜ್ಜುತ್ತಿತ್ತು. ಅಂಥ ದೋಷ ತಯಾರಿಕೆಯ ಹಂತದ್ದು. ನಿಮ್ಮ ಪಟ್ಟಿಯ ಕೋಡ್‌ಗಳೂ ಒಂದೇ ಅವಧಿಯವಾದರೆ ಕಂಪನಿ ಉತ್ತರ ಕೊಡಬೇಕಾಗುತ್ತದೆ.

ಸ್ಟಾರ್ಟ್ ಆಗಲಿಲ್ಲವೋ, ಓಡುತ್ತಿದ್ದಾಗಲೇ ಆಫ್ ಆಯಿತೋ, ಬೇರೆ ಬೇರೆ ಬರೆಯಿರಿ. ಎರಡನೆಯದು ಜೀವಕ್ಕೆ ಅಪಾಯ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಕಾಲ್ (ದೋಷವಿರುವ ಗಾಡಿ ವಾಪಸ್ ಕರೆಸುವ) ನಿಯಮ ರಸ್ತೆ ಸುರಕ್ಷತೆಗೆ ಧಕ್ಕೆ ತರುವ ದೋಷಗಳಿಗೆ, ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಗಾಡಿಯ ದೂರು ಕೊಡಿ. ಬಿಲ್ ಹಣದ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ವಾರಂಟಿಯಲ್ಲಿ ಬದಲಾಯಿಸಿದರೆ ಹಳೇ ಪಂಪ್ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ, ಬಿಚ್ಚಿದ ಕೂಡಲೇ ಕೋಡ್ ಕಾಣುವಂತೆ ಫೋಟೊ ತೆಗೆದುಕೊಳ್ಳಿ.