ಮೈಸೂರಿನವನಿಗೆ ಜಾವಾ ಬಿಟ್ಟು ಇನ್ಯಾವುದು?

ನೀವು ಎರಡು ಕೇಳಿದ್ದೀರಿ: ನಮ್ಮ ಪ್ರಾಯದ ಕಾಲದ ಗಾಡಿಗಳಲ್ಲಿ ಇವತ್ತಿಗೂ ಮನಸ್ಸಿನಲ್ಲಿ ಉಳಿದದ್ದು ಯಾವುದು, ಮತ್ತು ಹಳೇ ಬೈಕಿನ ಮಾತೆತ್ತಿದರೆ ಊಟ ಮರೆಯುವ ನಿಮ್ಮ ತಂದೆಯವರಿಗೆ ಅಂಥದ್ದೊಂದು ಈಗ ಕೊಡಿಸಬಹುದೇ. ಮೊದಲನೆಯದಕ್ಕೆ ಯೋಚನೆ ಮಾಡುವ ಅಗತ್ಯವೇ ಇಲ್ಲ. ಯಾದವಗಿರಿ, ಒಂಟಿಕೊಪ್ಪಲಿನ ಕಡೆ ಬೆಳೆದವನು ಜಾವಾ ಅನ್ನದೆ ಬೇರೆ ಹೆಸರು ಹೇಳಿದರೆ ಅವನ ಊರಿನ ಬಗ್ಗೆಯೇ ಅನುಮಾನ ಪಡಬೇಕು.

ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಶುರುವಾದದ್ದು 1961ರಲ್ಲಿ. ಜೆಕೊಸ್ಲೊವಾಕಿಯಾದ ಡಿಸೈನು, ಇರಾನಿ ಅನ್ನುವ ಪಾರ್ಸಿ ಮನೆತನದವರ ಯಜಮಾನಿಕೆ, ಕೆಲಸ ಮಾಡುವ ಕೈಗಳು ಮಾತ್ರ ನಮ್ಮವು. ನಮ್ಮ ಬೀದಿಯೊಂದರಲ್ಲೇ ಒಬ್ಬರು ಮೆಷಿನ್ ಶಾಪಿನಲ್ಲಿದ್ದರು, ಒಬ್ಬರು ಪೇಂಟಿಂಗಿನಲ್ಲಿ, ಎದುರು ಮನೆಯವರು ಎಂಜಿನ್ ಜೋಡಿಸುವ ಕಡೆ. ಬೇರೆ ಊರಿನ ಹುಡುಗರಿಗೆ ಬೈಕು ಅಂದರೆ ಶೋರೂಮಿನ ಗಾಜಿನ ಹಿಂದೆ ನಿಂತಿರುವ ವಸ್ತು. ನಮಗೆ ಅದು ಎದುರು ಮನೆಯ ಮಾವ ಶಿಫ್ಟಿನಲ್ಲಿ ಮಾಡಿ ಬರುವ ಕೆಲಸ. ಆ ಮಾವ ಮಾತ್ರ ಕೊನೆಯವರೆಗೂ ಸೈಕಲ್ಲಿನಲ್ಲೇ ಓಡಾಡಿದರು. ಅದರಲ್ಲೇನು ವಿಶೇಷ ಅಂತ ನಮಗೆ ಆಗ ಅನ್ನಿಸಿರಲೂ ಇಲ್ಲ.

ನಾನು ಡಿಗ್ರಿ ಓದುವಾಗ ಚಿಕ್ಕಪ್ಪ ಸ್ಕೂಟರ್ ಕೊಂಡರು, ಅವರ ಹಳೇ ಜಾವಾ ನನ್ನ ಪಾಲಿಗೆ ಬಂತು. 250 ಸಿಸಿ, ಟು ಸ್ಟ್ರೋಕ್, ಮರೂನ್ ಬಣ್ಣ, ಟ್ಯಾಂಕಿನ ಎರಡೂ ಬದಿಗೆ ಕ್ರೋಮ್. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಹೆಡ್‌ಲೈಟಿನ ನೆತ್ತಿಯ ಮೇಲೆ ಕೀ ಒತ್ತುವ ಜಾಗ, ಆ ಕೀ ನೋಡಿದರೆ ಥೇಟ್ ಮೊಳೆ. ಅಸಲಿ ಕೀ ಕಳೆದುಹೋದವರು ನಿಜವಾಗಿಯೂ ಮೊಳೆ ಇಟ್ಟುಕೊಂಡೇ ಓಡಿಸುತ್ತಿದ್ದರು, ಹಾಗಾಗಿ ಸಿನಿಮಾ ಟಾಕೀಸಿನ ಮುಂದೆ ಗಾಡಿ ನಿಲ್ಲಿಸಿದರೆ, ಯಾರೂ ಹೊಡೆದುಕೊಂಡು ಹೋಗದಿರಲಿ ಅಂತ, ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ಜೇಬಿಗೆ ಹಾಕಿಕೊಂಡು ಒಳಗೆ ಹೋಗುವ ರೂಢಿ.

ಆದರೆ ಜಾವಾ ಅಂದರೆ ನನಗೆ ಮೊದಲು ನೆನಪಾಗುವುದು ಆ ಎಡಗಡೆಯ ಲಿವರ್. ಕಿಕ್ಕರೂ ಅದೇ, ಗೇರೂ ಅದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಡಚಿದರೆ ಗೇರ್. ಇನ್ನೊಂದು ಮಜಾ, ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತಿತ್ತು, ಕೈಯಲ್ಲಿ ಹಿಡಿಯಲೇಬೇಕು ಅಂತೇನಿರಲಿಲ್ಲ. ಬುಲೆಟ್ ಓಡಿಸುವ ಗೆಳೆಯನಿಗೆ ಗಾಡಿ ಕೊಟ್ಟರೆ ಅವನ ಪಾಡು ನೋಡಬೇಕಿತ್ತು. ಆಗಿನ ಬುಲೆಟ್ಟಿಗೆ ಗೇರ್ ಬಲಗಡೆ, ಬ್ರೇಕ್ ಎಡಗಡೆ. ನಮ್ಮದು ತಿರುಗಾಮುರುಗಾ. ಬ್ರೇಕ್ ಅಂದುಕೊಂಡು ಗೇರ್ ತುಳಿದು, ದಸರಾ ಜನಜಂಗುಳಿಯಲ್ಲಿ ಆ ಪುಣ್ಯಾತ್ಮ ಕಡಲೆಕಾಯಿ ಗಾಡಿಯವಳಿಗೆ ಕೈ ಮುಗಿದದ್ದನ್ನು ನಾವು ವರ್ಷಗಟ್ಟಲೆ ಆಡಿಕೊಂಡೆವು.

ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕಿತ್ತು. ಇವತ್ತಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಜಾವಾದ ಟು ಸ್ಟ್ರೋಕ್ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸಿಗುವುದು ಪೆಟ್ರೋಲಿನ ಜೊತೆ ಹೋದ ಆಯಿಲ್ಲಿನಿಂದಲೇ. ಜಾಸ್ತಿಯಾದರೆ ಪ್ಲಗ್ ಒದ್ದೆಯಾಗಿ ಗಾಡಿ ನಿಲ್ಲುತ್ತಿತ್ತು. ಕಡಿಮೆಯಾದರೆ ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿನೊಳಗೇ ಕಚ್ಚಿಕೊಳ್ಳುತ್ತಿತ್ತು. ಬಂಕಿನ ಹುಡುಗ ಮಾತಿನ ಭರದಲ್ಲಿ ಎರಡು ಅಳತೆ ಸುರಿದುಬಿಟ್ಟರೆ ಮುಂದಿನ ಸರ್ಕಲ್ಲಿನಲ್ಲಿ ಸ್ಪ್ಯಾನರ್ ತೆಗೆಯುವವರು ನಾವು. ಪ್ಲಗ್ ಬಿಚ್ಚು, ಎಮರಿ ಪೇಪರಿನಲ್ಲಿ ಉಜ್ಜು, ಊದು, ಹಾಕು. ಪ್ಯಾಂಟಿನ ಜೇಬಿನಲ್ಲಿ ಬಾಚಣಿಗೆ ಇಲ್ಲದಿದ್ದರೂ ಸ್ಪೇರ್ ಪ್ಲಗ್ ಇರುತ್ತಿತ್ತು.

ಇದೇ ಆಯಿಲ್ಲಿನ ಇನ್ನೊಂದು ಗುಟ್ಟು ಎದುರು ಮನೆಯ ಮಾವ ಹೇಳಿಕೊಟ್ಟದ್ದು. ನಾನೂ ನನ್ನ ಕ್ಲಾಸ್‌ಮೇಟೂ ಊಟಿಗೆ ಹೊರಟಿದ್ದೆವು. ಗುಂಡ್ಲುಪೇಟೆ, ಬಂಡೀಪುರ, ಮಸಿನಗುಡಿ, ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವು. ಹತ್ತುವುದರ ಬಗ್ಗೆಯೇ ನಮಗೆ ಯೋಚನೆ. ಮಾವ ಹೇಳಿದರು: "ಹತ್ತೋವಾಗ ಅದಕ್ಕೇನೂ ಆಗಲ್ಲ ಕಣೋ. ಇಳಿಯೋವಾಗ ಹುಷಾರು. ಆಕ್ಸಿಲರೇಟರ್ ಪೂರ್ತಿ ಬಿಟ್ಕೊಂಡು ಗೇರಲ್ಲಿ ಇಳಿದರೆ ಪೆಟ್ರೋಲ್ ಹೋಗಲ್ಲ, ಪೆಟ್ರೋಲ್ ಹೋಗದಿದ್ರೆ ಆಯಿಲ್ಲೂ ಹೋಗಲ್ಲ. ಎಂಜಿನ್ ಮಾತ್ರ ಗರಗರ ತಿರುಗ್ತಾನೇ ಇರುತ್ತೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ರೇಸ್ ಮಾಡು." ಎಂಥ ಸರಳ ತರ್ಕ! ವಾಪಸ್ ಬರುವಾಗ ಆ ಇಳಿಜಾರು ಪೂರ್ತಿ, ಪ್ರತಿ ತಿರುವಿಗೂ ಒಂದು ಸಲ ಡುರ್ರ್ ಅನ್ನಿಸಿಕೊಂಡು ಇಳಿದೆವು. ದಾರಿಯಲ್ಲಿ ಸಿಕ್ಕ ಬಸ್ಸಿನ ಡ್ರೈವರ್ ನಮ್ಮನ್ನು ಪುಂಡರು ಅಂದುಕೊಂಡಿರಬೇಕು. ಕಾಲೇಜಿನ ಫಿಸಿಕ್ಸ್ ಮರೆತಿದ್ದೇನೆ, ಇದನ್ನು ಮರೆತಿಲ್ಲ. ಪುಸ್ತಕ ಓದಿ ಹೇಳಿದ್ದಲ್ಲ ಅದು. ಆ ಪಿಸ್ಟನ್ನುಗಳನ್ನು ದಿನಾ ಕೈಯಲ್ಲಿ ಹಿಡಿದವರ ಮಾತು.

ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಬೆಂಗಳೂರು, ಮೈಸೂರಿನಲ್ಲಿ ಗಾಡಿಗಳೆಲ್ಲ ಪಳಪಳ ಹೊಳೆಯುತ್ತಾ ಸೇರುತ್ತವೆ. ನೋಡಲು ಖುಷಿಯೇ. ಆದರೆ ಅಲ್ಲಿ ನನ್ನ ಓರಗೆಯವರು ಹೊಡೆಯುವ ಡೌಲು ಕೇಳಿದರೆ ನಗು ಬರುತ್ತದೆ. ಆ ಕಾಲದ ಆರು ವೋಲ್ಟಿನ ಹೆಡ್‌ಲೈಟಿನಲ್ಲಿ ನಂಜನಗೂಡು ರಸ್ತೆಯ ಎತ್ತಿನ ಗಾಡಿ ಹತ್ತಿರ ಬಂದಮೇಲೆಯೇ ಕಾಣುತ್ತಿದ್ದದ್ದು. ಡ್ರಮ್ ಬ್ರೇಕ್ ಮಳೆಯಲ್ಲಿ ನೆನೆದರೆ ದೇವರೇ ಗತಿ. ಹೊಗೆಯಂತೂ, ಹಿಂದಿನ ಸೀಟಿನಲ್ಲಿ ಕೂತು ಮದುವೆಗೆ ಹೋದ ಅಕ್ಕನ ರೇಷ್ಮೆ ಸೀರೆಯನ್ನು ಕೇಳಬೇಕು. ಇದನ್ನೆಲ್ಲ ಬಿಟ್ಟು ಬರೀ ಕ್ರೋಮ್ ನೆನಪಿಟ್ಟುಕೊಂಡರೆ ಅದು ಅರ್ಧ ನೆನಪು.

ಕಾರುಗಳ ಬಗ್ಗೆ ಹೆಚ್ಚು ಹೇಳಲಾರೆ, ನಮ್ಮ ಮನೆಯಲ್ಲಿ ಇರಲೇ ಇಲ್ಲ. ಸೋದರಮಾವನ ಹತ್ತಿರ ಒಂದು ಫಿಯಟ್ ಇತ್ತು, ಗೇರ್ ಸ್ಟೇರಿಂಗ್ ಪಕ್ಕದಲ್ಲಿ. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ ಇದ್ದದ್ದರಿಂದ ಡ್ರೈವರ್ ಜೊತೆ ಇನ್ನಿಬ್ಬರು, ಅವರ ತೊಡೆಯ ಮೇಲೆ ಮಕ್ಕಳು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಆ ಕಾಲದ ಕಾರುಗಳಿಗೆ ಎಂಜಿನ್ ಕಾವಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ನಿಂತುಬಿಡುವ ಚಾಳಿ. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅತ್ತೆ ಕಟ್ಟಿಕೊಟ್ಟ ಪುಳಿಯೋಗರೆ ಬಿಚ್ಚುವುದು. ಊಟ ಮುಗಿಯುವಷ್ಟರಲ್ಲಿ ಕಾರು ಸರಿಹೋಗುತ್ತಿತ್ತು. ಅಂಬಾಸಿಡರ್ ಅಂದರೆ ನನಗೆ ಮದುವೆ ದಿಬ್ಬಣ, ಅಷ್ಟೇ.

ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು, ದಶಕದ ಕೊನೆಗೆ ಅದರದೇ ರೋಡ್‌ಕಿಂಗ್ ಅನ್ನುವ ಮಾಡೆಲ್ ಬಂತು. ನನ್ನ ಲೆಕ್ಕದಲ್ಲಿ ಓಡಿಸಲು ಅದೇ ಹೆಚ್ಚು ಚೆಂದ, ಜಾವಾ ಭಕ್ತರು ಬೈದರೂ ಸರಿ. ಆಮೇಲೆ ಎಂಬತ್ತರ ದಶಕದ ನಡುವೆ ಇಂಡ್‌ ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ಒಂದರ ಹಿಂದೆ ಒಂದು ಇಳಿದವು. ಲೀಟರಿಗೆ ಎಂಬತ್ತು ಕಿಲೋಮೀಟರ್ ಅನ್ನುವ ಜಾಹೀರಾತಿನ ಮುಂದೆ ಲೀಟರಿಗೆ ಇಪ್ಪತ್ತೈದು, ಮೂವತ್ತರ ಗಾಡಿ ಏನು ವಾದ ಮಾಡೀತು? ಸಂಬಳದವನು ನಾನು, ನಾನೂ ಬದಲಾಯಿಸಿದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಬೀದಿಯಲ್ಲಿ ಅದು ಬೈಕಿನ ಸುದ್ದಿಯಾಗಿರಲಿಲ್ಲ, ಮನೆಮನೆಯ ಸುದ್ದಿಯಾಗಿತ್ತು. ಇನ್ನೂ ಮದುವೆಯಾಗದ ಹೆಣ್ಣುಮಕ್ಕಳಿದ್ದ ಮನೆಗಳು, ಅರ್ಧಕ್ಕೆ ನಿಂತ ಗೃಹಸಾಲದ ಕಂತು. ಕ್ರೋಮ್ ಉಜ್ಜುವವರಿಗೆ ಇದೂ ಗೊತ್ತಿರಲಿ ಅಂತ ಬರೆದೆ.

ಇನ್ನು ಕೊಳ್ಳುವ ವಿಚಾರ. ಕೊಡಿಸಿ, ತಪ್ಪೇನಿಲ್ಲ. ಪೇಂಟು ನೋಡಿ ಮರುಳಾಗಬೇಡಿ, ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿಯ ಮೇಲಿರುವುದಕ್ಕೆ ತಾಳೆಯಾಗುತ್ತದಾ ಮೊದಲು ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಮಾಡಿಸಬೇಕು, ಅದು ಬಾಕಿ ಇದ್ದರೆ ಮಾರುವವರ ಕೈಯಲ್ಲೇ ಮಾಡಿಸಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪು, ವಾಷರುಗಳನ್ನು ಹಾಳುಮಾಡುತ್ತದೆ, ಹೊಸದು ಹಾಕಿಸಿ. ಮತ್ತೆ ದುಡ್ಡು ಕೊಡುವ ಮೊದಲು ತಂದೆಯವರ ಎಡಗಾಲಿನ ಮಂಡಿ ಹೇಗಿದೆ ವಿಚಾರಿಸಿ. ಕಿಕ್ ಹೊಡೆಯುವುದು ಆ ಕಾಲಿನಲ್ಲೇ, ನನ್ನದಂತೂ ಈಗ ಒಪ್ಪುವುದಿಲ್ಲ.