ಪ್ರತಿಕ್ರಿಯೆ: 1974ರ ಕ್ಯಾಂಪರ್‌ಗೆ ಮೊದಲು ಮಂಚವೋ, ವೆಲ್ಡಿಂಗೋ?

ಇಂಗ್ಲೆಂಡಿನಲ್ಲಿ ಕೊಂಡ 1974ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನನ್ನು ಕ್ಯಾಂಪರ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಮಾಡಲು ಈಗಲೇ ಮಂಚ, ಕಪಾಟು ಕೂರಿಸಿ, ತುಕ್ಕನ್ನು ಮುಂದಿನ ವರ್ಷ ನೋಡಿದರಾಯಿತೇ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ. ವೆಲ್ಡಿಂಗ್ ಕಿಡಿ ಹಾರುವ ಕಡೆ ಪ್ಲೈವುಡ್, ಫೋಮ್ ಇರಬಾರದು. ಕೂರಿಸಿದ್ದನ್ನೆಲ್ಲ ಮತ್ತೆ ಬಿಚ್ಚುತ್ತೀರಿ.

ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಿನ ಸಿಲ್, ಚಕ್ರದ ಕಮಾನು, ಮುಂದಿನ ಗಾಜಿನ ಕೆಳಅಂಚಿನ ಮೇಲೆ ಎಳೆಯಿರಿ. ಹಿಡಿಯದ ಕಡೆ ತುಕ್ಕು ಮುಚ್ಚಲು ಪುಟ್ಟಿ ಬಳಿದಿದ್ದಾರೆ ಅಂತಲೇ ಲೆಕ್ಕ. ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಎತ್ತಿ ಅದರ ತಟ್ಟೆಯನ್ನೂ ನೋಡಿ, ಆಸಿಡ್ ಅದನ್ನು ತಿಂದಿರುತ್ತದೆ.

ಸಿಲ್ ಕತ್ತರಿಸುವುದು ನಿಜವಾದ ಪರೀಕ್ಷೆ. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಕತ್ತರಿಸುವ ಮುನ್ನ ಸರಿಯುವ ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಉಕ್ಕಿನ ಪೈಪು ಟ್ಯಾಕ್ ಮಾಡಿ (ಆಮೇಲೆ ಬಿಚ್ಚುವಂತೆ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿ), ಒಮ್ಮೆಗೆ ಒಂದೇ ಬದಿ ಮುಗಿಸಿ, ನಡುನಡುವೆ ಬಾಗಿಲು ಹಾಕಿ ಸಂದು ಅಳೆಯಿರಿ. ಕೆಲವು ಮಿಲಿಮೀಟರ್ ವಾಲಿದರೂ ಆ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ.

ನೀವು ಕೇಳದ ಒಂದು ಮಾತು: ಪೆಟ್ರೋಲ್ ಪೈಪುಗಳನ್ನು ಈ ವಾರವೇ ಬದಲಿಸಿ. 2021ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಮಾಮೂಲಿ ಪೆಟ್ರೋಲ್ ಇ10, ಅಂದರೆ ಶೇ. 10ರವರೆಗೆ ಎಥನಾಲ್ ಬೆರೆತದ್ದು. ಎಥನಾಲ್ ಹಳೆಯ ರಬ್ಬರನ್ನು ಬಿರಿಸುತ್ತದೆ, ಪೆಟ್ರೋಲ್ ಸೋರಿದರೆ ಬೆಂಕಿಯ ಭಯ. ಎಥನಾಲ್ ತಾಳುವ, ಆರ್9 ಗುರುತಿನ ಪೈಪು, ಹೊಸ ಕ್ಲಿಪ್ ಹಾಕಿ. ಎಂಜಿನ್ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು, ಅದು ಹತ್ತಿಕೊಂಡರೆ ಆರಿಸುವುದು ಬಲು ಕಷ್ಟ.

40 ವರ್ಷ ದಾಟಿ, ದೊಡ್ಡ ಬದಲಾವಣೆ ಕಾಣದ ಗಾಡಿಗೆ ಅಲ್ಲಿ ಎಂಒಟಿ (ವಾಹನದ ವಾರ್ಷಿಕ ಸುರಕ್ಷತಾ ತಪಾಸಣೆ) ಕಡ್ಡಾಯವಲ್ಲ. ಆದರೂ ದುಡ್ಡು ಕೊಟ್ಟು ಒಮ್ಮೆ ಮಾಡಿಸಿ. ತಳದ ಫೋಟೋ ಹಾಕಿದರೆ ಯಾವ ಪ್ಯಾನೆಲ್ ತರಿಸಬೇಕು ಅಂತ ಹೇಳಬಲ್ಲೆ.