ಎಂಆರ್‌ಐ ನಾರ್ಮಲ್, ಆದರೂ ಫಿಟ್ಸ್ ಅನುಮಾನ: ಮಿದುಳು ಅಳೆಯುವ ಸ್ಕ್ಯಾನ್ ಬೇಕಾ?

ಪ್ರಶ್ನೆ: ಮಗನಿಗೆ 19 ವರ್ಷ. ಮಾತಾಡುತ್ತಿದ್ದವನು ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ ದಿಟ್ಟಿಸಿ ನೋಡುತ್ತಾನೆ, ಬಾಯಿ ಚಪ್ಪರಿಸುತ್ತಾನೆ, ಅಂಗಿ ಗುಂಡಿ ಎಳೆಯುತ್ತಾನೆ. ಎರಡು ನಿಮಿಷಕ್ಕೆ ಸರಿಹೋಗುತ್ತಾನೆ, ಏನೂ ನೆನಪಿರುವುದಿಲ್ಲ. ಬಾಗಲಕೋಟೆಯಲ್ಲಿ ಇಇಜಿ, ಎಂಆರ್‌ಐ ಎರಡೂ ನಾರ್ಮಲ್ ಬಂದವು. ಒಬ್ಬ ಡಾಕ್ಟರು ಫಿಟ್ಸ್ ಎಂದು ಗುಳಿಗೆ ಕೊಟ್ಟಿದ್ದಾರೆ, ಇನ್ನೊಬ್ಬರು ಟೆನ್ಷನ್ ಅಂತಾರೆ. ಮಿದುಳನ್ನು ಅಳೆದು ಹೇಳುವ ಸ್ಕ್ಯಾನ್ ಇದೆಯಂತೆ. ಮಾಡಿಸಿದರೆ ಖಚಿತ ಆಗುತ್ತಾ?
– ಓದುಗರು, ಮುಧೋಳ

ಉತ್ತರ: ಅದೊಂದರಿಂದಲೇ ಖಚಿತ ಆಗುವುದಿಲ್ಲ. ಆದರೆ ನಿಮ್ಮ ಮಗನಿಗೆ ಅದು ಉಪಯೋಗಕ್ಕೆ ಬರಬಹುದು.

ನೀವು ಬರೆದ ಲಕ್ಷಣಗಳು ಟೆಂಪೊರಲ್ ಲೋಬ್, ಅಂದರೆ ಕಿವಿಯ ಪಕ್ಕದ ಮಿದುಳಿನ ಭಾಗದಿಂದ ಏಳುವ ಫಿಟ್ಸ್‌ಗೆ ಚೆನ್ನಾಗಿ ಹೊಂದುತ್ತವೆ. ಹೀಗೆ ಸುಮ್ಮನಾಗುವ ಮೊದಲು ಹೊಟ್ಟೆಯಿಂದ ಏನೋ ಮೇಲೆದ್ದು ಬಂದ ಹಾಗೆ ಆಗುತ್ತದಾ ಎಂದು ಮಗನನ್ನೇ ಕೇಳಿ. ಇಇಜಿ (ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ನಾರ್ಮಲ್ ಎಂದು ನಿರಾಳ ಆಗಬೇಡಿ. ಫಿಟ್ಸ್ ಇರುವವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಇಇಜಿ ನಾರ್ಮಲ್ಲೇ ಇರುತ್ತದೆ.

ಇನ್ನು ಅಳತೆಯ ವಿಷಯ. ಟೆಂಪೊರಲ್ ಲೋಬಿನ ಒಳಗೆ ಹಿಪೊಕ್ಯಾಂಪಸ್ ಎಂಬ ಕಿರುಬೆರಳಿನಷ್ಟು ಭಾಗವಿದೆ, ಎಡಕ್ಕೊಂದು, ಬಲಕ್ಕೊಂದು. ಇಂಥ ಫಿಟ್ಸ್‌ನಲ್ಲಿ ಎಷ್ಟೋ ಜನರಿಗೆ ಅದು ಕುಗ್ಗಿ ಗಟ್ಟಿಯಾಗಿರುತ್ತದೆ. ವೈದ್ಯರ ಕಣ್ಣು ಎಡವನ್ನು ಬಲದ ಜೊತೆ ಹೋಲಿಸಿ ವ್ಯತ್ಯಾಸ ಹಿಡಿಯುತ್ತದೆ. ಎರಡೂ ಕಡೆ ಒಂದೇ ಸಮ ಕುಗ್ಗಿದ್ದರೆ? ಕಣ್ಣು ತಪ್ಪುವುದು ಅಲ್ಲೇ. ಸಾಫ್ಟ್‌ವೇರ್ ಎಂಆರ್‌ಐ ಚಿತ್ರದಲ್ಲೇ ಹಿಪೊಕ್ಯಾಂಪಸ್ ಗಾತ್ರ ಅಳೆದು, ಅದೇ ವಯಸ್ಸಿನ ಆರೋಗ್ಯವಂತರ ಅಳತೆ ಪಕ್ಕ ಇಡುತ್ತದೆ. ಮಿದುಳಿನ ಹೊರಪದರ ಎಲ್ಲಾದರೂ ಅಸಹಜವಾಗಿ ದಪ್ಪಗಿದೆಯಾ ಎಂದೂ ಹುಡುಕಬಹುದು.

ಆದರೆ ಅಳತೆ ಚಿಕ್ಕದು ಬಂದ ಮಾತ್ರಕ್ಕೆ ಫಿಟ್ಸ್ ಎನ್ನಲಾಗದು, ಸರಿ ಬಂದರೆ ಫಿಟ್ಸ್ ಇಲ್ಲ ಎನ್ನಲೂ ಆಗದು. ಲಕ್ಷಣ, ಇಇಜಿ, ಅಳತೆ ಮೂರೂ ಒಂದೇ ಜಾಗ ತೋರಿಸಿದರೆ ಆಗ ಮಾತಿಗೆ ತೂಕ.

ಹೊಸ ಸ್ಕ್ಯಾನ್‌ಗೆ ದುಡ್ಡು ಹಾಕುವ ಮೊದಲು ಹಳೆಯದರ ಸಿಡಿ ತೆಗೆದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ. ಬರೀ ರಿಪೋರ್ಟ್ ಸಾಲದು. ಮಾಮೂಲಿ ಎಂಆರ್‌ಐನಲ್ಲಿ ಹೋಳುಗಳು ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪ. ಅಳತೆಗೆ 1 ಮಿಲಿಮೀಟರ್‌ನ 3ಡಿ ಚಿತ್ರ ಬೇಕು. ಮತ್ತೆ ಮಾಡಿಸಬೇಕಾದರೆ ‘ಎಪಿಲೆಪ್ಸಿ ಪ್ರೋಟೊಕಾಲ್’ (ಫಿಟ್ಸ್ ಕಾರಣ ಹುಡುಕಲೆಂದೇ ಮಾಡುವ ಸ್ಕ್ಯಾನ್ ಕ್ರಮ) ಎಂದು ಚೀಟಿಯಲ್ಲೇ ಬರೆಸಿ. 3 ಟೆಸ್ಲಾ, ಅಂದರೆ ಹೆಚ್ಚು ಶಕ್ತಿಯ ಅಯಸ್ಕಾಂತದ ಯಂತ್ರ ಸಿಕ್ಕರೆ ಒಳ್ಳೆಯದು.

ಇದಕ್ಕಿಂತ ಬೆಲೆಬಾಳುವ ಸಾಕ್ಷಿ ನಿಮ್ಮ ಮೊಬೈಲಿನಲ್ಲೇ ಸಿಗಬಹುದು. ಮುಂದಿನ ಸಲ ಉಳ್ಳಾಗಡ್ಡಿ, ಕೀಲಿಕೈ ಹುಡುಕುತ್ತ ಓಡಾಡಬೇಡಿ. ಒಬ್ಬರು ಮಗನ ಪಕ್ಕದಲ್ಲಿರಿ, ಇನ್ನೊಬ್ಬರು ಮುಖ, ಕೈ ಎರಡೂ ಕಾಣುವ ಹಾಗೆ ವಿಡಿಯೊ ಮಾಡಿ. ಕಣ್ಣು ತೆರೆದಿತ್ತಾ ಮುಚ್ಚಿತ್ತಾ ಅನ್ನುವುದೂ ಮುಖ್ಯ. ಮಾನಸಿಕ ಒತ್ತಡದಿಂದ ಬರುವ ಸೆಳೆತದಲ್ಲಿ ಕಣ್ಣು ಮುಚ್ಚಿರುವುದೇ ಜಾಸ್ತಿ. (ಅದೂ ನಾಟಕವಲ್ಲ, ಅದಕ್ಕೂ ಚಿಕಿತ್ಸೆ ಇದೆ.) ಆಮೇಲೂ ಅನುಮಾನ ಉಳಿದರೆ ವಿಡಿಯೊ ಇಇಜಿ, ಅಂದರೆ ವಿಡಿಯೊ ಮತ್ತು ಇಇಜಿ ಎರಡನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ.

ಅಲ್ಲಿಯವರೆಗೆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೈಕ್ ಬೇಡ. ಬಾವಿ, ಕಾಲುವೆ, ಪಂಪ್‌ಸೆಟ್ ಹತ್ತಿರ ಒಬ್ಬನನ್ನೇ ಕಳಿಸಬೇಡಿ.